ದಣಿವಿನ ಮೀಮಾಂಸೆ: ಆಂಡರ್ಸನ್‌ಪೇಟೆಯ ಒಬ್ಬ ಓಟಗಾರನ ಒಂದು ವರ್ಷವನ್ನು ಕುರಿತ ಸಂಪ್ರಬಂಧ

ಪೀಠಿಕೆ

ಸಂಪ್ರಬಂಧ ಬರೆಯುವವರು ಮೊದಲ ಸಾಲಿನಲ್ಲೇ ಹೇಳಬೇಕಾದ ಮಾತೊಂದಿದೆ: ಈ ವಿಷಯದ ಬಗ್ಗೆ ಇದುವರೆಗೆ ಯಾರೂ ಅಧ್ಯಯನ ನಡೆಸಿಲ್ಲ. ನಾನೂ ಹೇಳಿದ್ದೇನೆ. ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಆಂಡರ್ಸನ್‌ಪೇಟೆಯ ನಲವತ್ತೇಳು ವರ್ಷದ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ, ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಗುಮಾಸ್ತನೊಬ್ಬ ಒಂದು ವರ್ಷ ಕಾಲ ರಾತ್ರಿಯೋ ಬೆಳಗೋ ತಿಳಿಯದ ಹೊತ್ತಿಗೆ ಎದ್ದು ಯಾಕೆ ಓಡಿದ ಎಂಬ ಪ್ರಶ್ನೆಯನ್ನು ವಿದ್ವತ್‌ಲೋಕ ಪೂರ್ತಿ ಕಡೆಗಣಿಸಿದೆ. ಮನೆಯವರು ಕಡೆಗಣಿಸಿಲ್ಲ, ದಿನಕ್ಕೆರಡು ಸಲ ಕೇಳಿದ್ದಾರೆ. ಆದರೆ ಅವರು ಕೇಳಿದ ಧಾಟಿ ಶಾಸ್ತ್ರೀಯವಾಗಿರಲಿಲ್ಲ.

ಈ ಅಧ್ಯಯನದಲ್ಲಿ ವಕ್ತೃ ಒಬ್ಬನೇ, ಅವನೇ ಸಂಶೋಧಕ. ಮಾರ್ಗದರ್ಶಕರು ಸಹೋದ್ಯೋಗಿಯಿಂದ ಅರ್ಧ ಬೆಲೆಗೆ ಕೊಂಡ ಕೈಗಡಿಯಾರ. ಎಲ್ಲ ಮಾರ್ಗದರ್ಶಕರಂತೆ ಇವರೂ ಒಂದು ದಿನವೂ ತೃಪ್ತರಾದವರಲ್ಲ. ಆದರೆ ಹುಡುಕಿದಾಗ ಕೈಗೆ ಸಿಗುತ್ತಿದ್ದರು ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಊಹಾಕಲ್ಪನೆ ಇಷ್ಟು: ದುಡ್ಡು ಪಡೆದು ದಣಿಯುವುದು, ದುಡ್ಡು ಕೊಟ್ಟು ದಣಿಯುವುದು, ಎರಡೂ ಮೂಲದಲ್ಲಿ ಒಂದೇ. ಇದನ್ನು ಸಾಧಿಸಿ, ಮೂವತ್ತು ವರ್ಷ ಗಣಿಯೊಳಗೆ ಟಿಂಬರ್‌ಮನ್ ಆಗಿದ್ದ ನನ್ನ ತೀರ್ಥರೂಪರ ಬಾಯಿ ಮುಚ್ಚಿಸುವುದು ಸಂಪ್ರಬಂಧದ ಪರಮ ಉದ್ದೇಶ.

ಅಧ್ಯಾಯ 1: ಶಬ್ದಾರ್ಥ ವಿಚಾರ

ಆಂಡರ್ಸನ್‌ಪೇಟೆಗೆ ಆ ಹೆಸರು ಆಂಡರ್ಸನ್ ಎಂಬ ಯಾರೋ ದೊರೆಯಿಂದ ಬಂತು ಎನ್ನುವವರಿದ್ದಾರೆ. ಈ ವಾದ ತೀರ ಸರಳವಾದ್ದರಿಂದ ಸಂಶೋಧನೆಗೆ ಒಗ್ಗುವುದಿಲ್ಲ. ನಮ್ಮ ಸೀಮೆಯಲ್ಲಿ ಹೆಸರುಗಳು ಬಾಯಿಂದ ಬಾಯಿಗೆ ಓಡುವಾಗ ರೂಪ ಬದಲಿಸುತ್ತವೆ ಎಂಬುದಕ್ಕೆ ಪಕ್ಕದ ಬಂಗಾರಪೇಟೆಯೇ ಸಾಕ್ಷಿ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು ಹೊತ್ತ ಬೌರಿಂಗ್‌ಪೇಟೆ ಅದು. ಬೌರಿಂಗ್ ಬಂಗಾರವಾಗಬಹುದಾದರೆ ‘ಅಂಡರ್ ಸನ್’, ಅಂದರೆ ಸೂರ್ಯನ ಕೆಳಗೆ, ಎಂಬುದು ಆಂಡರ್ಸನ್ ಆಗಬಾರದೇಕೆ? ಗಣಿಯ ಕಾಲದಲ್ಲಿ ನಮ್ಮ ಜನ ಎರಡೇ ಪಂಗಡ: ಪಾಳಿಗೆ ಇಳಿದವರು ಅಂಡರ್‌ಗ್ರೌಂಡು, ಪಾಳಿ ಮುಗಿಸಿ ಮೇಲೆ ಬಂದವರು ಅಂಡರ್ ಸನ್ನು. ನಾನು ಓಡುವುದು ಸೂರ್ಯನ ಕೆಳಗಾದ್ದರಿಂದ ಓಟ ಈ ಊರಿನ ಹೆಸರಿನಲ್ಲೇ ಅಡಗಿದೆ ಎಂದು ಸಿದ್ಧವಾಗುತ್ತದೆ.

ತೀರ್ಥರೂಪರು ಈ ವ್ಯುತ್ಪತ್ತಿಯನ್ನು ಕೊನೆತನಕ ಕೇಳಿ, “ಹಂಗಾದ್ರೆ ರಾಬರ್ಟ್‌ಸನ್‌ಪೇಟೆ?” ಎಂದರು.

ರಾಬರ್ಟ್‌ಸನ್‌ಪೇಟೆ ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

‘ಮ್ಯಾರಥಾನ್’ ಎಂಬುದು ಗ್ರೀಕರಲ್ಲಿ ಸೋಂಪಿನ ಗಿಡದ ಹೆಸರು. ಆ ಬಯಲಿನಲ್ಲಿ ಸೋಂಪು ಬೆಳೆಯುತ್ತಿತ್ತಂತೆ. ಊಟ ಮುಗಿದ ಮೇಲೆ ಬಿಲ್ಲಿನ ಜೊತೆ ಬರಬೇಕಾದ ಪದಾರ್ಥದ ಹೆಸರನ್ನು ಊಟಕ್ಕೂ ಗತಿಯಿಲ್ಲದಂತೆ ಓಡುವ ಕ್ರಿಯೆಗೆ ಇಟ್ಟದ್ದು ಹೇಗೆ ಎಂಬುದಕ್ಕೆ ಅವರಲ್ಲಿ ಸಮಾಧಾನವಿಲ್ಲ. ಕನ್ನಡದಿಂದಲೇ ಹೊರಡುವುದು ಲೇಸು. ಮರೆ ಎಂಬ ಧಾತುವಿಗೆ ಸಂಭಾವನೆಯ ಪ್ರತ್ಯಯ ಸೇರಿದರೆ ‘ಮರೆತಾನು’. ಮೂವತ್ತೆರಡನೇ ಕಿಲೋಮೀಟರಿನಲ್ಲಿ ಇನ್ನೆಂದೂ ಈ ಕಡೆ ತಲೆ ಹಾಕುವುದಿಲ್ಲ ಎಂದು ತಾಯಾಣೆ ಮಾಡಿದವನು ಮುಂದಿನ ಮಂಗಳವಾರದ ಹೊತ್ತಿಗೆ ಅದನ್ನು ಮರೆತಾನು. ಮರೆತು ಮುಂದಿನ ವರ್ಷಕ್ಕೆ ದುಡ್ಡು ಕಟ್ಟಿಯಾನು. ಮರೆತಾನ್ ಎಂಬುದೇ ಮ್ಯಾರಥಾನ್.

ಅಧ್ಯಾಯ 2: ಐತಿಹಾಸಿಕ ಹಿನ್ನೆಲೆ

ಕ್ರಿ.ಪೂ. 490ರಲ್ಲಿ ಗ್ರೀಕ್ ದೂತನೊಬ್ಬ ಯುದ್ಧ ಗೆದ್ದ ಸುದ್ದಿ ತಂದು ಅಥೆನ್ಸಿನಲ್ಲಿ ಕುಸಿದು ಸತ್ತ ಎಂಬ ಕಥೆ ಎಲ್ಲರಿಗೂ ಗೊತ್ತು. ಅದೇ ಶತಮಾನದ ಹೆರೊಡೋಟಸ್ ಬರೆದದ್ದು ಬೇರೆ: ಯುದ್ಧಕ್ಕೆ ಮುಂಚೆ ಸ್ಪಾರ್ಟಾದವರ ಸಹಾಯ ಕೇಳಲು ಒಬ್ಬ ಓಡಿದ, ಅವರು ಹುಣ್ಣಿಮೆ ಆಗಲಿ ಎಂದರು. ಸರ್ಕಾರಿ ಕಚೇರಿಗೆ ಅಲೆದ ಅನುಭವವಿರುವ ಯಾರಿಗೂ ಎರಡನೆಯ ಕಥೆಯೇ ನಿಜವೆಂದು ತೋರುತ್ತದೆ. ಮ್ಯಾರಥಾನಿನ ಈಗಿನ ಉದ್ದ 42.195 ಕಿ.ಮೀ. ಇದು 1908ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ರಾಜಕುಟುಂಬ ಕೂತ ಗ್ಯಾಲರಿಯ ಮುಂದೆ ಮುಗಿಯಲಿ ಎಂದು ಅಳೆದ ಅಳತೆ. 1921ರಲ್ಲಿ ಅದೇ ಕಾಯಂ ಆಯಿತು. ದೊರೆಗಳಿಗೆ ಚೆನ್ನಾಗಿ ಕಾಣಲಿ ಎಂದು ಜನ ಇನ್ನಷ್ಟು ದೂರ ದಣಿಯುವ ಪದ್ಧತಿಯನ್ನು ಕೆಜಿಎಫ್‌ನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1880ರಲ್ಲಿ ಜಾನ್ ಟೇಲರ್ ಗಣಿ ಕಂಪನಿ ಇಲ್ಲಿಗೆ ಬಂದದ್ದೇ ಅದಕ್ಕೆ.

ಕರ್ನಾಟಕದ ಮೊದಲ ಅಲ್ಟ್ರಾ ಓಟ ಮುಗಿದದ್ದೂ ಇಲ್ಲೇ ಎಂಬುದು ನನ್ನ ಹೊಸ ಶೋಧ. 1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರು ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ನಡುವೆ ಬಾಳೆಹಣ್ಣು ಕೇಳಲಿಲ್ಲ, ಕಾಲು ಹಿಡಿದುಕೊಂಡು ಕೂರಲಿಲ್ಲ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ದೀಪ ಕಂಡ ಊರಿನವರು ಇವತ್ತು ಕತ್ತಲಿಗೆ ಎದ್ದು ಬೆಂಗಳೂರಿನ ರೈಲು ಹತ್ತುತ್ತಾರೆ. ಇದು ಅಧ್ಯಾಯದ ವಿಷಯವಲ್ಲ, ಬಾಯಿಗೆ ಬಂತು.

ಅಧ್ಯಾಯ 3: ಈಜು

ಬೇತಮಂಗಲದ ಕೆರೆಯ ದಡದಲ್ಲಿ ನಿಂತು ನೋಡಲಾಯಿತು.

ಅಧ್ಯಾಯ 4: ಕ್ಷೇತ್ರಕಾರ್ಯ

ಆಂಡರ್ಸನ್‌ಪೇಟೆಯಿಂದ ಚಾಂಪಿಯನ್ ರೀಫಿನ ಕಡೆ ಓಡುವವನಿಗೆ ಎದುರಾಗುವ ಮೊದಲ ತಾತ್ವಿಕ ಪ್ರಶ್ನೆ ಟೀ ಅಂಗಡಿಯದು: ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ? ಇದನ್ನು ನನಗೆ ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಕೇಳಲಾಗಿದೆ. ಮೂರು ಭಾಷೆಯಲ್ಲೂ ಕೇಳಿದವರು ಒಬ್ಬರೇ. ಯಾರೂ ಇಲ್ಲ ಎಂಬ ನನ್ನ ಉತ್ತರ ಎರಡನೇ ವಾರದಲ್ಲೇ ಸುಳ್ಳಾಯಿತು. ಹಾಳುಬಿದ್ದ ಮೈನಿಂಗ್ ಲೈನಿನ ಮೂಲೆಯಲ್ಲಿ ಮಲಗುತ್ತಿದ್ದ ನಾಲ್ಕು ನಾಯಿಗಳು ಪ್ರಶ್ನೆಗೆ ಅಗತ್ಯವಾದ ಆಧಾರ ಒದಗಿಸಿದವು. ವರ್ಷದ ಅತಿ ವೇಗದ ಒಂದು ಕಿಲೋಮೀಟರು ಆ ದಿನವೇ ದಾಖಲಾಗಿದೆ. ಮಾರ್ಗದರ್ಶಕರು ಆಗ ಕೈಮೇಲೆ ಕಂಪಿಸಿ, ಅಭಿನಂದನೆ ಎಂದರು.

ಏರು ಹತ್ತುವ ಅಭ್ಯಾಸಕ್ಕೆ ಬೇರೆ ಊರಿನವರು ಬೆಟ್ಟ ಹುಡುಕಿಕೊಂಡು ಹೋಗಬೇಕು. ನಮಗೆ ಗಣಿಯೇ ಬೆಟ್ಟ ಮಾಡಿಕೊಟ್ಟಿದೆ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಬೂದುಬಣ್ಣದ ಮಣ್ಣನ್ನು ನೂರಕ್ಕೂ ಹೆಚ್ಚು ವರ್ಷ ಊರ ಪಕ್ಕ ಸುರಿದರು, ಸುಮಾರು 3.3 ಕೋಟಿ ಟನ್ ಎಂದು ಲೆಕ್ಕ. ಸೈನೈಡ್ ಗುಡ್ಡ ಅಂತ ಅದಕ್ಕೆ ಹೆಸರು. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತದೆ. ಆಷಾಢದ ಗಾಳಿಗೆ ಆ ಪುಡಿ ಎದ್ದು ಊರಿನ ಮೇಲೆ ಬೀಳುತ್ತದೆ. ಅನ್ನದ ತಟ್ಟೆಗೂ ಬೀಳುತ್ತದೆ. ಅಂಥ ಒಂದು ಬೆಳಗ್ಗೆ ಗುಡ್ಡ ಹತ್ತಿಳಿದು, ಮೈಯೆಲ್ಲ ಬೂದಿ ಬಳಿದುಕೊಂಡವನಂತೆ ಮನೆಗೆ ಬಂದಾಗ ತೀರ್ಥರೂಪರು ಬಾಗಿಲಲ್ಲಿ ಕೂತಿದ್ದರು. “ಈ ದೂಳು ತಿನ್ನೋಕೆ ನಮಗೆ ಸಂಬಳ ಕೊಡ್ತಿದ್ರು ಕಣೋ,” ಎಂದರು. “ನೀನು ಬಿಟ್ಟಿ ತಿಂದು ಬಂದ್ಯಾ?”

ಇದು ಮುಂದೆ ಆರನೇ ಅಧ್ಯಾಯದಲ್ಲಿ ವಿವರವಾಗಿ ಖಂಡಿಸಬೇಕಾದ ಪೂರ್ವಪಕ್ಷ.

ಆಹಾರದ ವಿಚಾರ. ಸ್ಪರ್ಧೆಯ ಹಿಂದಿನ ದಿನ ಪಿಷ್ಟ ಪದಾರ್ಥವನ್ನು ಹೊಟ್ಟೆ ತುಂಬ ತುಂಬಿಕೊಳ್ಳಬೇಕೆಂದು ಈ ಶಾಸ್ತ್ರದವರೆಲ್ಲ ಹೇಳುತ್ತಾರೆ. ಅವರ ಪ್ರಕಾರ ಅದು ಪಾಸ್ತಾ. ಸ್ಥಳೀಯ ಆಕರಗಳನ್ನೇ ಬಳಸಬೇಕೆಂಬ ಸಂಶೋಧನಾ ನಿಷ್ಠೆಯಿಂದ ನಾನು ಬಂಗಾರಪೇಟೆಯಲ್ಲಿ ರೈಲಿಳಿದು ಪಾನಿಪುರಿ ತಿಂದೆ. ಬೇರೆಡೆಯ ಪಾನಿ ಹಸಿರಾಗಿ, ತಾನು ಖಾರ ಎಂದು ಮೊದಲೇ ಹೇಳಿಕೊಳ್ಳುತ್ತದೆ. ಬಂಗಾರಪೇಟೆಯದು ಕುಡಿಯುವ ನೀರಿನಷ್ಟೇ ತಿಳಿ. ಬಾಯಿಗೆ ಹೋದ ಮೇಲೆ ತನ್ನ ವಾದ ಮಂಡಿಸುತ್ತದೆ. ಮೂರು ಪ್ಲೇಟು ತಿಂದು ಮರುದಿನ ಬೆಳಗ್ಗೆ ಓಡಿದ್ದರ ಫಲಿತಾಂಶವನ್ನು ಅಂಕಿಗಳಲ್ಲಿ ಕೊಡಬಹುದಿತ್ತು. ಆದರೆ ಓದುಗರಲ್ಲಿ ಊಟ ಮಾಡುತ್ತಿರುವವರೂ ಇರಬಹುದು.

ಅಧ್ಯಾಯ 5: ಸ್ಪರ್ಧೆಗಳು

ಬೆಂಗಳೂರಿನಲ್ಲಿ 2008ರಿಂದ ಬೇಸಿಗೆಯಲ್ಲಿ ನಡೆಯುವ ವಿಶ್ವ 10ಕೆ ಓಟಕ್ಕೆ ಮೊದಲ ಸಲ ಹೋದೆ. ನಮ್ಮೂರಿನ ಮೊದಲ ರೈಲು ಹಿಡಿದರೂ ಓಟದ ಹೊತ್ತಿಗೆ ತಲುಪಲಾಗದ ಕಾರಣ ಹಿಂದಿನ ರಾತ್ರಿ ಕೆ.ಆರ್. ಪುರದ ಷಡ್ಡಕನ ಮನೆಯ ಹಾಲಿನಲ್ಲಿ ಮಲಗಿದೆ. ಅಂದರೆ ಟಿವಿ ಆರುವ ತನಕ ಕೂತಿದ್ದೆ. ಪಕ್ಕದಲ್ಲಿ ನಿಂತ ಹುಡುಗರು ಯಾವೂರು ಎಂದರು. ಕೆಜಿಎಫ್ ಎಂದೆ. 2018ರಲ್ಲಿ ಆ ಸಿನಿಮಾ ಬಂದಾಗಿನಿಂದ ಹೀಗೆ: ಕೆಜಿಎಫ್ ಎಂದ ಕೂಡಲೇ ಜನ ಮೊದಲು ತೋಳು ನೋಡುತ್ತಾರೆ, ಆಮೇಲೆ ಹೊಟ್ಟೆ ನೋಡಿ ಸುಮ್ಮನಾಗುತ್ತಾರೆ. 68 ನಿಮಿಷದಲ್ಲಿ ಮುಗಿಸಿದೆ. ಒಂದು ಟೀ ಶರ್ಟು, ಒಂದು ಮೆಡಲ್ಲು, ಒಂದು ಬಾಳೆಹಣ್ಣು. ಟೀ ಶರ್ಟನ್ನು ತೀರ್ಥರೂಪರು ಆ ಸಂಜೆಯೇ ಬನಿಯನ್ನಿನ ಬದಲು ಹಾಕಿಕೊಂಡರು. ಎದೆಯ ಮೇಲೆ ದೊಡ್ಡದಾಗಿ ‘ಫಿನಿಶರ್’ ಎಂದಿತ್ತು. ಬಟ್ಟೆ ಚೆನ್ನಾಗಿದೆ ಎಂದರು. ಅವರು ನನ್ನ ಓಟದ ಬಗ್ಗೆ ಆಡಿದ ಒಂದೇ ಒಳ್ಳೆಯ ಮಾತಾದ್ದರಿಂದ ಯಥಾವತ್ತಾಗಿ ದಾಖಲಿಸಿದ್ದೇನೆ.

ಎರಡನೆಯದು ಸೈಕಲ್ಲು. ಬಿಆರ್‌ಎಂ ಎಂದು ಸೈಕಲ್ಲಿನವರು ಕರೆಯುವ ಈ ಫ್ರೆಂಚ್ ವ್ರತದಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಕೈಯಲ್ಲೊಂದು ಕಾರ್ಡು; ದಾರಿಯ ಠಾಣೆಗಳಲ್ಲಿ ಸೀಲು ಹಾಕಿಸಬೇಕು, ಕೆಲವೆಡೆ ಎಟಿಎಂ ಚೀಟಿಯೋ ಹೋಟೆಲಿನ ಬಿಲ್ಲೋ ತೋರಿಸಿದರೂ ನಡೆಯುತ್ತದೆ. ಇದರಲ್ಲಿ ಪ್ರಶಸ್ತಿ ಇಲ್ಲ, ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಮರ್ಯಾದೆ. 200, 300, 400, 600 ಕಿಲೋಮೀಟರುಗಳನ್ನು ಒಂದೇ ವರ್ಷದಲ್ಲಿ ಮುಗಿಸಿದವನಿಗೆ ಸೂಪರ್ ರಾಂಡೊನ್ಯೂರ್ ಎಂಬ ಬಿರುದು. ನಾನು ಹೋದ ದಾರಿ ಬೆಂಗಳೂರಿನಿಂದ ಹೊರಟು ಕೋಲಾರದ ಕಡೆ ಬಂದು ಮರಳುವಂಥದು. ಆದಕಾರಣ ನಾನು ಸೈಕಲ್ಲನ್ನು ಮನೆಯಿಂದ ಬೆಂಗಳೂರಿಗೆ ಸಾಗಿಸಿ, ಅಲ್ಲಿಂದ ತುಳಿದುಕೊಂಡು ಮನೆಯ ಹತ್ತಿರಕ್ಕೆ ಬಂದು, ಮನೆಗೆ ಬರದೆ ವಾಪಸು ಬೆಂಗಳೂರಿಗೆ ತುಳಿದು, ಅಲ್ಲಿಂದ ಮನೆಗೆ ಬಂದೆ. ಇದನ್ನು ಸಹಧರ್ಮಿಣಿಗೆ ನಕ್ಷೆ ಬರೆದು ವಿವರಿಸಿದೆ. “ರೀ, ಮೊನ್ನೆ ಗ್ಯಾಸ್ ಸಿಲಿಂಡರ್ ಒಳಗಿಡಿ ಅಂದ್ರೆ ಮಂಡಿ ನೋವು ಅಂದ್ರಲ್ಲ,” ಎಂದಳು. ವಿಷಯಾಂತರ.

ಆದರೆ ಕಾರ್ಡು ಮತ್ತು ಗಡುವು ಎರಡನ್ನೂ ಎಲ್ಲೋ ನೋಡಿದ ನೆನಪು ಕಾಡುತ್ತಲೇ ಇತ್ತು. ಸೋಮವಾರ ಬೆಳಗ್ಗೆ ಚಾಂಪಿಯನ್ ಸ್ಟೇಷನ್ನಿನಲ್ಲಿ ಮಂತ್ಲಿ ಪಾಸು ಜೇಬಿನಲ್ಲಿಟ್ಟು ರೈಲಿಗೆ ಕಾಯುವಾಗ ಹೊಳೆಯಿತು. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗಿ ಬಂದರೆ 170 ಕಿಲೋಮೀಟರಿನ ಆಸುಪಾಸು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಊರಿನ ಒಂದು ತಲೆಮಾರು ವಾರಕ್ಕೆ ಆರು ದಿನ ಇದನ್ನು ಮಾಡುತ್ತಿದೆ, ಹಲವರು ನಿಂತುಕೊಂಡು. ಸೆಕ್ಯುರಿಟಿ ಕೆಲಸದವರು, ಗಾರ್ಮೆಂಟ್ಸಿನ ಹೆಂಗಸರು, ಮನೆಗೆಲಸದವರು, ನನ್ನಂಥ ಗುಮಾಸ್ತರು. ಬಂಗಾರಪೇಟೆಯಲ್ಲಿ ಇಂಜಿನ್ನಿಗೆ ಏನೋ ಆಗಿ ರೈಲು ನಿಂತರೆ ಗಡುವು ಹೋಯಿತು, ಅರ್ಧ ದಿನದ ಸಂಬಳ ಹೋಯಿತು. ಚೀಲ ಹಿಡಿದು ಬಾಗಿಲ ಬಳಿ ನಿದ್ದೆ ಮಾಡುವ ಒಬ್ಬ ಅಕ್ಕನನ್ನು ಸೂಪರ್ ರಾಂಡೊನ್ಯೂರ್ ಎಂದು ಕರೆಯಬೇಕೆಂದು ಈ ಸಂಪ್ರಬಂಧ ಶಿಫಾರಸು ಮಾಡುತ್ತದೆ. ಅವಳಿಗೆ ಹೇಳಲಾಗಿಲ್ಲ, ನಿದ್ದೆಯಲ್ಲಿದ್ದಳು.

ಮೂರನೆಯದು ಮಳೆಗಾಲದ ತುದಿಯಲ್ಲಿ ಓಡಿದ ಪೂರ್ಣ ಮ್ಯಾರಥಾನು. ಐದು ಗಂಟೆ ನಲವತ್ತೊಂದು ನಿಮಿಷ. ವಿವರಗಳನ್ನು ಮರೆತಾನು.

ಅಧ್ಯಾಯ 6: ದಣಿವಿನ ವರ್ಗೀಕರಣ, ಪೂರ್ವಪಕ್ಷ ಖಂಡನೆ

ದಣಿವು ಎರಡು ವಿಧ. ಸವೇತನ ಮತ್ತು ಸಶುಲ್ಕ. ತೀರ್ಥರೂಪರದು ಮೊದಲನೆಯದು, ನನ್ನದು ಎರಡನೆಯದು. ಪಾಸಿಗೆ ದುಡ್ಡು ಕೊಟ್ಟು ಸಂಬಳಕ್ಕಾಗಿ ನಿಲ್ಲುವ ರೈಲು ಪ್ರಯಾಣಿಕರದು ಸಂಕರ ಜಾತಿ.

ಎರಡೂ ಒಂದೇ ಎನ್ನಲು ಮೊದಲ ಪ್ರಮಾಣ ಗಣಿತ. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರು. ಒಂದು ಮ್ಯಾರಥಾನ್ ಎಂದರೆ ಹದಿಮೂರು ಚಾಂಪಿಯನ್ ರೀಫ್. ಇದನ್ನು ಕೇಳಿ ಎದುರಾಳಿ ತಣ್ಣಗಾದಾರು ಎಂದುಕೊಂಡಿದ್ದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ, “ಅಡ್ಡಡ್ಡ ಓಡೋಕೂ ಉದ್ದುದ್ದ ಇಳಿಯೋಕೂ ವ್ಯತ್ಯಾಸ ಇಲ್ವೇನೋ?” ಎಂದರು. ಆಗ ಅವರ ಪಕ್ಷದಿಂದಲೇ ಲೆಕ್ಕ ಹಾಕಿದೆ. ದಿನಕ್ಕೆ ಇಳಿದು ಹತ್ತಿ ನಾಲ್ಕು ಕಿಲೋಮೀಟರು, ವರ್ಷಕ್ಕೆ 300 ಪಾಳಿ, ಮೂವತ್ತು ವರ್ಷ: 36,000 ಕಿಲೋಮೀಟರು. ಭೂಮಿಯ ವ್ಯಾಸ 12,742. ನೀವು ಭೂಮಿಯನ್ನು ಈ ಕಡೆಯಿಂದ ಆ ಕಡೆಗೆ ಎರಡೂಮುಕ್ಕಾಲು ಸಲ ತೂರಿದ್ದೀರಿ ಅಪ್ಪಾ, ನಿಮ್ಮ ಮುಂದೆ ನನ್ನದು ಏನೂ ಅಲ್ಲ ಎಂದೆ. ಗೌರವ ತೋರಿಸಿ ವಾದ ಗೆಲ್ಲುವ ತಂತ್ರ ಅದು.

“ಕೇಜಿನಲ್ಲಿ ನಿಂತ್ಕೊಂಡು ಹೋದೆ ಕಣೋ. ಲಿಫ್ಟಿನಲ್ಲಿ ಹೋದೋನಿಗೆ ಯಾವನು ಮೆಡಲ್ ಕೊಡ್ತಾನೆ?”

ಭೂಮಿ ತೂರುವ ಮಾತು ಬಂದದ್ದರಿಂದ ಒಂದು ಪೂರಕ ಸಂಗತಿ. 1965ರಲ್ಲಿ ಇದೇ ಗಣಿಯೊಳಗೆ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರೊಡನೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಕಣದ ಜಾಡು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ಕಿತು. ನ್ಯೂಟ್ರಿನೋ ಇಡೀ ಭೂಮಿಯನ್ನು ತೂರಿಕೊಂಡು ಏನೂ ತಾಗದಂತೆ ಆಚೆ ಹೋಗಬಲ್ಲದು. ಬೆವರಿಲ್ಲ, ನೀರು ಕೇಳುವುದಿಲ್ಲ, ಫೋಟೋ ಹಾಕುವುದಿಲ್ಲ. ಅದು ಅಪರೂಪಕ್ಕೆ ಬಂಡೆಗೆ ತಾಗೀತು ಎಂದು ನೆಲದಾಳದಲ್ಲಿ ವರ್ಷಗಟ್ಟಲೆ ಕಾದು ಕೂತವರನ್ನು, ಓಟದ ಭಾಷೆಯಲ್ಲಿ, ಗುರಿಗೆರೆಯ ಸ್ವಯಂಸೇವಕರು ಎನ್ನಬಹುದು.

ಎರಡನೇ ಪ್ರಮಾಣ ಇಳುವರಿ. ಈ ವರ್ಷ ಒಟ್ಟು 1,460 ಕಿಲೋಮೀಟರು ಓಡಿದೆ. ಅದರಲ್ಲಿ ಮೆಡಲ್ಲು ಬಂದದ್ದು 52.195 ಕಿಲೋಮೀಟರಿಗೆ. ಅಂದರೆ ಕಿಲೋಮೀಟರಿಗೆ 36 ಮೀಟರು. ಗಣಿ ಮುಚ್ಚುವ ಕಾಲಕ್ಕೆ ಒಂದು ಟನ್ ಅದಿರು ಅರೆದರೆ ಕೆಲವೇ ಗ್ರಾಂ ಚಿನ್ನ. ಈ ದೃಷ್ಟಿಯಿಂದ ನನ್ನ ಕಾಲು ಗಣಿಗಿಂತ ಲಾಭದಾಯಕ. ಮಿಕ್ಕ 1,408 ಕಿಲೋಮೀಟರು ಸೈನೈಡ್ ಗುಡ್ಡ. ಇಷ್ಟು ಹೇಳಿ ಮೆಡಲ್ಲುಗಳನ್ನು ಮುಂದಿಟ್ಟೆ. ತೀರ್ಥರೂಪರು ಒಂದನ್ನು ಅಂಗೈಯಲ್ಲಿ ತೂಗಿದರು. ಮುಖ ನೋಡಲಿಲ್ಲ, ಅಂಚು ನೋಡಿದರು. ಅಲ್ಲಿ ಹಳದಿ ಬಣ್ಣ ಎದ್ದು ಬೂದು ಕಾಣುತ್ತಿತ್ತು. ಏನೂ ಹೇಳದೆ ಕೆಳಗಿಟ್ಟರು. ಊರಿನ ನೆಲದಿಂದ ಸುಮಾರು 800 ಟನ್ ಚಿನ್ನ ಹೋದ ಮೇಲೆ ಊರಿಗೆ ಬಂದ ಲೋಹ ಇದು.

ಮೂರನೇ ಪ್ರಮಾಣ ‘ಗೋಡೆ’. ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ಮುಗಿದಾಗ, ಸಾಮಾನ್ಯವಾಗಿ ಮೂವತ್ತು ಕಿಲೋಮೀಟರು ದಾಟಿದ ಮೇಲೆ, ಓಡುವವನು ಇದ್ದಕ್ಕಿದ್ದಂತೆ ನಿಂತುಬಿಡುತ್ತಾನೆ. ಇದಕ್ಕೆ ಗೋಡೆ ಬಡಿಯುವುದು ಎನ್ನುತ್ತಾರೆ ಎಂದು ವಿವರಿಸಿದೆ.

“ಗೋಡೆ ನಿನ್ನ ಮೇಲೆ ಬಿತ್ತಾ, ನೀನು ಹೋಗಿ ಹೊಡ್ಕೊಂಡ್ಯಾ?”

ನಾನು ತಡವರಿಸಿದೆ. ಅವರು ಹೇಳತೊಡಗಿದರು. ಆಳದಲ್ಲಿ ಬಂಡೆಯ ಬಿಸಿ 65 ಡಿಗ್ರಿಯ ಹತ್ತಿರ. ಮೇಲಿಂದ ತಣ್ಣನೆ ಗಾಳಿ ತಳ್ಳದಿದ್ದರೆ ಮನುಷ್ಯ ನಿಲ್ಲುವಂತಿರಲಿಲ್ಲ. ಮೇಲಿನ ಭಾರಕ್ಕೆ ಬಂಡೆ ಒಳಗೊಳಗೇ ಬಿಗಿದುಕೊಂಡು, ಒಂದು ದಿನ ಸಿಡಿಯುತ್ತಿತ್ತು. ಊರಲ್ಲಿ ಪಾತ್ರೆ ಅಲುಗುತ್ತಿದ್ದವು. ಟಿಂಬರ್‌ಮನ್ ಕೆಲಸ ಮರದ ಆನಿಕೆ ಕೊಟ್ಟು ಆ ಬಂಡೆ ಹಿಡಿಯುವುದು. ಆನಿಕೆ ಕೊಡುವ ಮೊದಲು ಸರಳಿನಿಂದ ಬಂಡೆ ತಟ್ಟಿ ಕಿವಿಗೊಡಬೇಕು. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ. ಸಡಿಲ ಇದ್ದರೆ ಹಲಸಿನಕಾಯಿ ತಟ್ಟಿದ ಹಾಗೆ. ಹಲಸಿನಕಾಯಿ ಸದ್ದು ಬಂದರೆ ಮೊದಲು ಓಡಬೇಕು, ಆಮೇಲೆ ಯೋಚನೆ.

“ಅವಾಗ ಓಡಿದ್ದೀನಿ,” ಎಂದರು. “ಟೈಮ್ ನೋಡ್ಲಿಲ್ಲ.”

ಆ ಮ್ಯಾರಥಾನಿನ ಸಂಜೆ ಮಾರ್ಗದರ್ಶಕರು ನನಗೆ 72 ಗಂಟೆ ವಿಶ್ರಾಂತಿ ಬರೆದಿದ್ದರು. ತೀರ್ಥರೂಪರಿಗೆ ಪಾಳಿಯಿಂದ ಪಾಳಿಗೆ ಇದ್ದದ್ದು ಹದಿನಾರು ಗಂಟೆ. ಪೂರ್ವಪಕ್ಷದ ಖಂಡನೆಯನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ.

ಅಧ್ಯಾಯ 7: ಮೌಖಿಕ ಪರೀಕ್ಷೆ

ಡಿಸೆಂಬರಿನಲ್ಲಿ ತೀರ್ಥರೂಪರ ಕೆಮ್ಮು ಹೆಚ್ಚಾಯಿತು. ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎದೆಯ ಫೋಟೋ ನೋಡಿದ ಡಾಕ್ಟರು ಯಾವ ಗಣಿ ಎಂದಷ್ಟೇ ಕೇಳಿ, ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ ಎಂದರು. ಮೂವತ್ತು ಮೀಟರಿನ ವರಾಂಡ, ಎರಡು ತುದಿಗೂ ಕಿತ್ತಳೆ ಬಣ್ಣದ ಕೋನು, ಬೆರಳಿಗೊಂದು ಆಕ್ಸಿಮೀಟರು, ಕೈಯಲ್ಲಿ ಸ್ಟಾಪ್‌ವಾಚು ಹಿಡಿದ ಹುಡುಗಿ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೋ ಅದೇ ಫಲಿತಾಂಶ. ನಾನು ಕೌಂಟರಿನಲ್ಲಿ ದುಡ್ಡು ಕಟ್ಟಿ ಬರುವ ಹೊತ್ತಿಗೆ ಅವರು ಗೆರೆಯ ಹಿಂದೆ ನಿಂತಿದ್ದರು. ಶಾಲು ತೆಗೆದಿಟ್ಟಿದ್ದರಿಂದ ಎದೆಯ ಮೇಲಿನ ‘ಫಿನಿಶರ್’ ಕಾಣುತ್ತಿತ್ತು.

“ಏನ್ ತಾತಾ, ಓಡ್ತೀರಾ ನೀವು?” ಎಂದಳು ಹುಡುಗಿ.

“ಇವನಿಗೆ ಕಲಿಸಿದೋನು ನಾನೇ ಅಲ್ವೇನಮ್ಮಾ.”

ಮೊದಲ ಎರಡು ಸುತ್ತು ಸೈನಿಕರ ಹಾಗೆ ನಡೆದರು. ಶುರುವಿನಲ್ಲೇ ಜೋರು ಮಾಡಬಾರದು ಎಂದು ಈ ಶಾಸ್ತ್ರ ಹೇಳುವುದನ್ನು ಬಾಯಿ ತುದಿಗೆ ಬಂದರೂ ನಾನು ಹೇಳಲಿಲ್ಲ. ನಾಲ್ಕನೇ ನಿಮಿಷದಲ್ಲಿ ನಿಂತರು. ಗೋಡೆಗೆ ಕೈ ಕೊಟ್ಟು ಬಗ್ಗಿದರು. ಹುಡುಗಿ, ಚೆನ್ನಾಗಿ ಮಾಡ್ತಿದ್ದೀರ ತಾತಾ, ಬೇಕಾದ್ರೆ ನಿಂತ್ಕೊಳ್ಳಿ, ಗಡಿಯಾರ ಮಾತ್ರ ನಿಲ್ಲಲ್ಲ ಎಂದಳು. ಅವರು ಉಸಿರು ಹಿಡಿಯುತ್ತ ಬೆರಳ ಗೆಣ್ಣಿನಿಂದ ಗೋಡೆಯನ್ನು ಎರಡು ಸಲ ತಟ್ಟಿ, ಕಿವಿಗೊಟ್ಟು, ಮತ್ತೆ ನಡೆದರು.

246 ಮೀಟರು. ಹುಡುಗಿ ಚೀಟಿಯಲ್ಲಿ ಬರೆದುಕೊಟ್ಟಳು. ಹಳೆಯ ಪೇ ಸ್ಲಿಪ್ಪಿನಂತೆ ಅದನ್ನು ನಾಲ್ಕು ಮಡಿಕೆ ಮಾಡಿದರು, ಇಡಲು ಟೀ ಶರ್ಟಿನಲ್ಲಿ ಜೇಬಿಲ್ಲವಾದ್ದರಿಂದ ನನ್ನ ಕೈಗೆ ಕೊಟ್ಟರು. ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡ ಮೇಲೆ ಕೇಳಿದರು:

“ನೀನು ಆರು ನಿಮಿಷಕ್ಕೆ ಎಷ್ಟು?”

“ಒಂಬೈನೂರು ಮೀಟರಿನ ಹತ್ತಿರ ಅಪ್ಪಾ.”

“ಇದಕ್ಕೂ ದುಡ್ಡು ಕಟ್ಟಿದ್ಯಾ?”

ಕಟ್ಟಿದೆ ಎಂದೆ. ಅವರು ಹುಡುಗಿಯ ಕಡೆ ತಿರುಗಿದರು.

“ಫೀಸು ಇಸ್ಕೊಂಡಿದ್ದೀರಲ್ಲಮ್ಮಾ, ಟೀ ಶರ್ಟ್ ಎಲ್ಲಿ?”

ಪರೀಕ್ಷಕರು ನಿರುತ್ತರರಾದರು.